ಮೊಹರಿಲ್ಲದ ಮೂವತ್ತೆಂಟು ಚಳಿಗಾಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚೋಲೋಕ್-ಸೂ ಹಳ್ಳಿಯ ದವಾಖಾನೆಯ ಹಿಂದಿನ ದಿಬ್ಬದ ಮೇಲೆ ಐವತ್ತೊಂಬತ್ತು ವರ್ಷದ ಶಾಯಿರ್ಕುಲ್ ಬಲಗೈ ಎತ್ತಿಕೊಂಡು ನಿಂತಿದ್ದಾರೆ. ಕೈಯಲ್ಲಿ ಫೋನು, ಬಿಳಿ ಕೋಟಿನ ಮೇಲೆ ತೀರಿಹೋದ ಗಂಡನ ದಪ್ಪ ಉಣ್ಣೆಯ ಜಾಕೆಟ್ಟು, ಕಾಲಿಗೆ ರಬ್ಬರ್ ಬೂಟು. ಊರಿಗೆಲ್ಲ ಸಿಗ್ನಲ್ ಸಿಗುವುದು ಈ ದಿಬ್ಬದಲ್ಲೇ, ಅದೂ ಒಂದು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ನಿಂತರೆ. ಹಸು ಹೊಡೆದುಕೊಂಡು ಹೋಗುವ ಮುದುಕ ತೆಮಿರ್ಕುಲ್, ಇವತ್ತು ಯಾವ ಮಂತ್ರಿಗೆ ಸಲಾಮು ಹೊಡೀತಿದ್ದೀಯವ್ವ ಎಂದು ಕೆಳಗಿನಿಂದ ಕೇಳುತ್ತಾನೆ. ಆರು ವರ್ಷದಿಂದ ಆತನದು ಇದೇ ಪ್ರಶ್ನೆ. ಶಾಯಿರ್ಕುಲ್ ಕೂಡ ಆರು ವರ್ಷದಿಂದ ಅದಕ್ಕೆ ಉತ್ತರ ಕೊಟ್ಟಿಲ್ಲ.

ಕೆಳಗೆ, ದವಾಖಾನೆಯ ಬೆಂಚಿನ ಮೇಲೆ, ತಾಲಾಯ್ ಎಂಬ ಕುರಿಗಾಹಿ ಮುದುಡಿ ಕೂತಿದ್ದಾನೆ. ಬೇಸಿಗೆಯ ಹುಲ್ಲುಗಾವಲಿನಿಂದ ಮಂದೆ ಇಳಿಸಿಕೊಂಡು ಬಂದವನಿಗೆ ಮೂರು ವಾರದಿಂದ ಸಂಜೆಯಾದರೆ ಜ್ವರ, ಬೆಳಗಾಗುವಷ್ಟರಲ್ಲಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಸೊಂಟದಲ್ಲಿ ನೋವು. ಕುರಿಗಳಿಂದ ಅಂಟುವ ಈ ಜ್ವರವನ್ನು ಶಾಯಿರ್ಕುಲ್ ಎಷ್ಟು ಸಲ ನೋಡಿದ್ದಾರೆಂದರೆ, ಅವನು ಬಾಗಿಲಲ್ಲಿ ಚೌಕಟ್ಟು ಹಿಡಿದು ಬಗ್ಗಿದ ರೀತಿಯಲ್ಲೇ ಅವರಿಗೆ ಅನುಮಾನ ಬಂದಿತ್ತು. ರಕ್ತದ ಹನಿ ತೆಗೆದು ಪರೀಕ್ಷೆ ಮಾಡಿದ್ದೂ ಆಯಿತು. ಎರಡು ಬಗೆಯ ಮಾತ್ರೆ, ಆರು ವಾರ. ಒಂದು ಮಾತ್ರೆ ಅವರ ಬೀರುವಿನಲ್ಲೇ ಇದೆ. ಇನ್ನೊಂದು ಅರವತ್ತೊಂದು ಕಿಲೋಮೀಟರು ಆಚೆ, ಜಿಲ್ಲಾ ಕೇಂದ್ರದ ಔಷಧಾಲಯದಲ್ಲಿದೆ, ಡಾಕ್ಟರ ಸಹಿ ಮತ್ತು ದುಂಡು ಮೊಹರು ಇರುವ ಚೀಟಿ ಇಲ್ಲದೆ ಅದು ಹೊರಗೆ ಬರುವುದಿಲ್ಲ.

ನಾಲ್ಕನೇ ಸಲಕ್ಕೆ ಆಚೆ ಕಡೆ ಫೋನು ಎತ್ತುತ್ತಾರೆ. ಡ್ಯೂಟಿ ಡಾಕ್ಟರಿಗೆ ಇಪ್ಪತ್ತಾರು ವರ್ಷ, ನಿದ್ದೆಗಣ್ಣು. ಚೋಲೋಕ್-ಸೂ ಎಲ್ಲಿದೆ ಎಂದು ಆತ ಇನ್ನೂ ನೋಡಿಲ್ಲ. ಶಾಯಿರ್ಕುಲ್ ರೋಗಿಯ ವಿವರ ಹೇಳಲು ಶುರುಮಾಡುತ್ತಲೇ ಆತ ‘ಎಜೆ’, ಅಂದರೆ ಅಕ್ಕ, ಎಂದು ತಡೆಯುತ್ತಾನೆ.

“ಎಜೆ, ಏನ್ ಬರೀಬೇಕು ನೀವೇ ಹೇಳ್ಬಿಡಿ. ನಾನು ಬರ್ಕೋತೀನಿ.”

ಅವರು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾರೆ, ಮಾತ್ರೆಯ ಹೆಸರು, ಎಷ್ಟು, ಎಷ್ಟು ದಿನ, ಖಾಲಿ ಹೊಟ್ಟೆಯಲ್ಲಿ. ಐದು ನಿಮಿಷದಲ್ಲಿ ಮೊಹರು ಬಿದ್ದ ಚೀಟಿಯ ಚಿತ್ರ ಫೋನಿಗೆ ಬರುತ್ತದೆ. ಅದನ್ನು ಹಿಡಿದುಕೊಂಡು ಯಾರಾದರೂ ಶನಿವಾರದ ಗಾಡಿಯಲ್ಲಿ ಹೋಗಿ ಮಾತ್ರೆ ತರಬೇಕು. ರೋಗ ಬಲ್ಲವರ ಕೈಯಲ್ಲಿ ಮೊಹರಿಲ್ಲ, ಮೊಹರು ಹಿಡಿದವರು ರೋಗಿಯ ಮುಖ ನೋಡಿಲ್ಲ. ನಮ್ಮ ಬೆಟ್ಟದ ಹಳ್ಳಿಗಳಲ್ಲಿ ಇಷ್ಟು ವರ್ಷವೂ ಚಿಕಿತ್ಸೆ ನಡೆದಿರುವುದು ಹೀಗೆಯೇ, ಮತ್ತು ಇದರಲ್ಲಿ ವಿಚಿತ್ರವೇನಿದೆ ಎಂದು ನಾವು ಯಾರೂ ಕೇಳಿಲ್ಲ.

ಶಾಯಿರ್ಕುಲ್ ಫೆಲ್ಡ್‌ಶರ್. ಡಾಕ್ಟರಿಗೆ ಅರ್ಧ, ನರ್ಸಿಗೆ ಒಂದೂವರೆ ಎಂದು ತಮ್ಮ ಕೆಲಸವನ್ನು ಅವರೇ ಗೇಲಿ ಮಾಡಿಕೊಳ್ಳುತ್ತಾರೆ. ಈಗ ಸರ್ಕಾರಿ ಕಾಗದಗಳಲ್ಲಿ ‘ವೈದ್ಯರ ಸಹಾಯಕಿ’ ಎಂಬ ಹೊಸ ಹೆಸರು ಬರುತ್ತಿದೆ. ಊರಿಗೆ ಮಾತ್ರ ಅವರು ದೊಕ್ತುರ್ ಎಜೆ, ಡಾಕ್ಟರಕ್ಕ. ಕುರಿಯ ಉಣ್ಣೆ ಕತ್ತರಿಸುವವನ ಮಗಳು, ಇಪ್ಪತ್ತೊಂದನೇ ವಯಸ್ಸಿಗೆ ಪಟ್ಟಣದ ವೈದ್ಯಕೀಯ ಶಾಲೆಯ ಓದು ಮುಗಿಸಿ ಇಲ್ಲಿಗೇ ಬಂದರು. ಆಗಿನಿಂದ ಸಾವಿರದ ನೂರನಲವತ್ತು ಜನರಿಗೆ ಅವರೊಬ್ಬರೇ. ದಿನಕ್ಕೆ ಇಪ್ಪತ್ತೈದರಿಂದ ಮೂವತ್ತು ರೋಗಿಗಳು, ಮೂವತ್ತೆಂಟು ವರ್ಷದಲ್ಲಿ ಮುನ್ನೂರ ಹನ್ನೆರಡು ಹೆರಿಗೆ. ಹೊಕ್ಕುಳಬಳ್ಳಿ ಕತ್ತರಿಸಿದವಳನ್ನು ಮಗು ಜೀವಮಾನವಿಡೀ ಹೊಕ್ಕುಳ ತಾಯಿ ಎಂದು ಕರೆಯುವುದು ನಮ್ಮ ಪದ್ಧತಿ. ಹಾಗಾಗಿ ಮದುವೆಗಳಲ್ಲಿ ಅವರಿಗೆ ಮೇಲಿನ ಜಾಗ ಸಿಗುತ್ತದೆ, ಮಾಂಸದ ಒಳ್ಳೆಯ ತುಂಡೂ ಸಿಗುತ್ತದೆ. ಹಲ್ಲಿಲ್ಲದ ಮೇಲೆ ಇದೆಲ್ಲ ಯಾಕೆ ಕೊಡ್ತೀರೋ ಎಂದು ಅವರು ಬೈಯುತ್ತಾರೆ.

ದಿನದ ಕೆಲಸ ಒಲೆಯಿಂದ ಶುರು. ಬೆರಣಿ, ಅದರ ಮೇಲೆ ಕಲ್ಲಿದ್ದಲು. ಕೋಣೆ ಬೆಚ್ಚಗಾಗುವ ತನಕ ಸ್ಟೆತಸ್ಕೋಪನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ, ತಣ್ಣನೆಯ ಲೋಹ ತಗುಲಿದರೆ ಮಕ್ಕಳು ಬೆಚ್ಚಿಬೀಳುತ್ತವೆ ಎಂದು. ನೀರು ಹೊಳೆಯಿಂದ. ಐದು ವರ್ಷದ ಹಿಂದಿನ ತನಕ ದೂರದ ಮನೆಗಳಿಗೆ ಕುದುರೆಯ ಮೇಲೆ ಹೋಗುತ್ತಿದ್ದರು. ಈಗ ಮೊಣಕಾಲು ಬಗ್ಗುವುದಿಲ್ಲ, ಯಾರಾದರೂ ಗಾಡಿ ತಂದು ಕರೆದೊಯ್ಯಬೇಕು. ಡಿಸೆಂಬರಿನಿಂದ ಮಾರ್ಚಿನ ತನಕ ಕಿಜಿಲ್-ಬೆಲ್ ಕಣಿವೆಯ ದಾರಿ ಹಿಮ ಬಿದ್ದು ಮುಚ್ಚಿಹೋಗುತ್ತದೆ. ಆ ನಾಲ್ಕು ತಿಂಗಳು ಊರಿಗೆ ಶಾಯಿರ್ಕುಲ್ ಬಿಟ್ಟರೆ ಗತಿಯಿಲ್ಲ.

ಇಷ್ಟು ಮಾಡಿದವರ ಹೆಸರಿನ ಎದುರು ಜಿಲ್ಲೆಯ ಕಡತದಲ್ಲಿ ಇಪ್ಪತ್ತೊಂದು ವರ್ಷದಿಂದ ಒಂದು ಸಾಲು ಕೂತಿದೆ: ವೈದ್ಯರ ಮೊಹರನ್ನು ಕದ್ದು ಬಳಸಿದ್ದಾರೆ, ತೀವ್ರ ಎಚ್ಚರಿಕೆ ನೀಡಲಾಗಿದೆ. ಅವರು ಕದ್ದಿರಲಿಲ್ಲ. ಕದ್ದಿಲ್ಲ ಎಂದು ಬಲ್ಲವರು ಇಬ್ಬರೇ. ಒಬ್ಬರು ಅವರು, ಇನ್ನೊಬ್ಬರು ಡಾಕ್ಟರ್ ಕಸೀಮಾಲಿ. ಗುರುವಾರ ಜಿಲ್ಲಾ ಕೇಂದ್ರದಲ್ಲಿ ಡಾಕ್ಟರುಗಳ ಸಭೆ ಇದೆ. ಫೆಲ್ಡ್‌ಶರ್‌ಗಳಿಗೆ ನಲವತ್ತು ಔಷಧಗಳ ಚೀಟಿಯನ್ನು ತಾವೇ ಬರೆದು, ತಮ್ಮದೇ ಮೊಹರು ಹಾಕುವ ಹಕ್ಕು ಕೊಡಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನ. ಹಕ್ಕು ಕೊಡಿ ಎಂದು ಎದ್ದು ವಾದಿಸುವವರು ಇದೇ ಕಸೀಮಾಲಿ, ಎಲ್ಲರ ಬಾಯಲ್ಲೂ ಬೈಕೆ, ಅಂದರೆ ಅಣ್ಣ. ಎಲ್ಲರಿಗಿಂತ ಹಿರಿಯ ಫೆಲ್ಡ್‌ಶರ್ ಎಂದು ಶಾಯಿರ್ಕುಲ್ ಅವರಿಗೂ ಕರೆ ಬಂದಿದೆ, ಹಿಂದಿನ ಸಾಲಿನಲ್ಲಿ ಕೂರಲಿಕ್ಕೆ.

“ಬೈಕೆ ಒಳ್ಳೇ ಮಾತುಗಾರರು. ಆರು ವರ್ಷದಿಂದ ಎಲ್ಲಾ ಫೆಲ್ಡ್‌ಶರ್‌ಗಳ ಹೆಸರೂ ಹೇಳ್ಕೊಂಡು ಓಡಾಡ್ತಿದ್ದಾರೆ,” ಎನ್ನುತ್ತಾರೆ ಶಾಯಿರ್ಕುಲ್, ತಾಲಾಯ್‌ನ ತೋಳಿಗೆ ರಕ್ತದೊತ್ತಡ ನೋಡುವ ಪಟ್ಟಿ ಬಿಗಿಯುತ್ತ. “ನನ್ನ ಹೆಸರೊಂದು ಬಿಟ್ಟು.”

ಕಸೀಮಾಲಿ ಆಗ ನಲವತ್ತರ ಆಸುಪಾಸು, ಐದು ಹಳ್ಳಿಗೆ ಒಬ್ಬರೇ ಡಾಕ್ಟರು. ಒಳ್ಳೆಯವರು, ಚುರುಕು, ರೋಗಿಯ ಮೈ ಮುಟ್ಟಿ ನೋಡುವವರು. ಕಣಿವೆ ಮುಚ್ಚಿದ ಮೇಲೆ ಚೋಲೋಕ್-ಸೂಗೆ ತಾವು ಬರಲಾಗದು, ಶಾಯಿರ್ಕುಲ್ ಚೀಟಿ ಬರೆಯುವಂತಿಲ್ಲ ಎಂಬುದು ಅವರನ್ನು ಕೊರೆಯುತ್ತಿತ್ತು. ಅದಕ್ಕೆ ಅವರೇ ಒಂದು ದಾರಿ ಹುಡುಕಿದರು. ನವೆಂಬರಿನ ಕೊನೆಯ ವಾರ ಮೊಹರು, ಮಸಿಯ ಡಬ್ಬಿ ಜೇಬಿಗೆ ಹಾಕಿಕೊಂಡು ಬರುವುದು. ಶಾಯಿರ್ಕುಲ್ ಅವರ ಅಡುಗೆಮನೆಯ ಮೇಜಿನ ಮುಂದೆ ಕೂತು, ಉಪ್ಪು ಹಾಕಿದ ಹಾಲಿನ ಚಹಾ ಕುಡಿಯುತ್ತ, ನೂರು ಖಾಲಿ ಚೀಟಿಗಳಿಗೆ ಸಹಿ ಮಾಡಿ ಮೊಹರು ಒತ್ತುವುದು. ಅವರು ಒತ್ತಿದಂತೆ ಶಾಯಿರ್ಕುಲ್ ಒಂದೊಂದನ್ನೇ ಒಲೆಯ ಗೋಡೆಗೆ ಆನಿಸಿ ಮಸಿ ಒಣಗಿಸುತ್ತಿದ್ದರು. ನನ್ನ ಕೈ ಇಲ್ಲೇ ಬಿಟ್ಟು ಹೋಗ್ತಿದ್ದೀನಿ, ಜೋಪಾನ ಎಂದು ಡಾಕ್ಟರು ಹೊರಡುವಾಗ ಹೇಳುತ್ತಿದ್ದರು. ವಸಂತದಲ್ಲಿ ಮತ್ತೆ ಬಂದು ಬರೆದ ಚೀಟಿಗಳ ನಕಲನ್ನೆಲ್ಲ ಓದಿ ನೋಡುತ್ತಿದ್ದರು. ಉಳಿದ ಖಾಲಿ ಹಾಳೆಗಳನ್ನು ಶಾಯಿರ್ಕುಲ್ ಅವರ ಎದುರೇ ಒಲೆಗೆ ಹಾಕುತ್ತಿದ್ದರು.

ನಾಲ್ಕು ಚಳಿಗಾಲ ಹೀಗೆ ನಡೆಯಿತು. ಹಿಮದಲ್ಲೂ ಕಣಿವೆ ದಾಟುವ ಟಪಾಲಿನ ಸವಾರ ಚೀಟಿ ಒಯ್ದು ಔಷಧ ತರುತ್ತಿದ್ದ. ನೀನು ಮಾಡೋದನ್ನ ಸರ್ಕಾರ ಒಪ್ಕೋಬೇಕು, ನಾನು ಮೇಲಕ್ಕೆ ಬರೀತೀನಿ ಎಂದು ಡಾಕ್ಟರು ಪ್ರತಿ ವಸಂತದಲ್ಲೂ ಹೇಳುತ್ತಿದ್ದರು. ಬರೆಯಲು ಅವರಿಗೆ ಬಿಡುವಾಗಲಿಲ್ಲ.

ನಾಲ್ಕನೆಯ ವಸಂತದಲ್ಲಿ ಡಾಕ್ಟರು ಬರುವುದು ತಡವಾಯಿತು. ಮೂವತ್ತೊಂದು ಹಾಳೆ ಉಳಿದಿದ್ದವು. ಆ ವರ್ಷ ಶಾಲೆಯಲ್ಲೂ ಕಾಗದವಿರಲಿಲ್ಲ, ದವಾಖಾನೆಯಲ್ಲೂ ಇರಲಿಲ್ಲ. ಹಿಂಬದಿ ಬಿಳಿಯಾಗಿದೆಯಲ್ಲ, ಮಕ್ಕಳ ತೂಕ ಬರೆದುಕೊಳ್ಳೋಣ ಎಂದು ಶಾಯಿರ್ಕುಲ್ ಅವನ್ನು ಸುಡದೆ ಎತ್ತಿಟ್ಟರು. ಏಪ್ರಿಲಿನಲ್ಲಿ ತಪಾಸಣೆಯವರು ಬಂದು ಬೀರು ತೆರೆದಾಗ ಮೊದಲು ಕೈಗೆ ಸಿಕ್ಕಿದ್ದು ಅದೇ ಕಟ್ಟು.

ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಕೇಳಿದರು. ಕಸೀಮಾಲಿ ಆಗ ಜಿಲ್ಲಾ ಆಸ್ಪತ್ರೆಯ ಮುಖ್ಯಸ್ಥರಾಗುವುದರಲ್ಲಿದ್ದರು, ಆದೇಶವೊಂದು ಬರುವುದು ಬಾಕಿ. ಮೊಹರು ನನ್ನ ಮೇಜಿನ ಖಾನೆಯಲ್ಲಿರ್ತಿತ್ತು, ಇವಳ ಕೈಗೆ ಹೇಗೆ ಬಂತೋ ಗೊತ್ತಿಲ್ಲ, ಸಹಿ ನಾನು ಹಾಕಿದ್ದಲ್ಲ ಎಂದರು. ತಪಾಸಣೆಯವರು ಶಾಯಿರ್ಕುಲ್ ಕಡೆ ತಿರುಗಿದರು. ಮನೆಯಲ್ಲಿ ಕೂತು ರೊಟ್ಟಿ ಉಪ್ಪು ತಿಂದವರನ್ನು ಪರರ ಮುಂದೆ ಹಿಡಿದುಕೊಡುವುದು ನಮ್ಮಲ್ಲಿ ಕಳ್ಳತನಕ್ಕಿಂತ ಕೀಳು. ಅವರೇ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಶಾಯಿರ್ಕುಲ್ ಡಾಕ್ಟರ ಮುಖ ನೋಡುತ್ತ ನಿಂತರು. ಡಾಕ್ಟರು ಕಿಟಕಿ ನೋಡುತ್ತಿದ್ದರು. ತೀವ್ರ ಎಚ್ಚರಿಕೆ ಬಂತು, ಎರಡು ವರ್ಷ ನರ್ಸಿನ ದರ್ಜೆಗೆ ಇಳಿಸಿದ್ದೂ ಆಯಿತು. ಊರಿನವರು ಎದುರಿಗೆ ಏನೂ ಅನ್ನಲಿಲ್ಲ. ಶಾಯಿರ್ಕುಲ್ ಅವರ ಮಗಳನ್ನು ಮಾತ್ರ ಶಾಲೆಯಲ್ಲಿ ಸೀಲ್ ಕಳ್ಳಿ ಮಗಳು ಎಂದು ಕರೆದರು.

ಇಷ್ಟಕ್ಕೇ ಮುಗಿದಿದ್ದರೆ ಶಾಯಿರ್ಕುಲ್ ಈ ಮಾತನ್ನೇ ಎತ್ತುತ್ತಿರಲಿಲ್ಲವೋ ಏನೋ. ಅದರ ಮುಂದಿನ ಚಳಿಗಾಲ ಇದೆಯಲ್ಲ, ಅದನ್ನು ಹೇಳುವಾಗ ಅವರ ದನಿ ತಗ್ಗುತ್ತದೆ. ಬೈಶೆನ್ ಎಂಬ ಕಮ್ಮಾರನ ಮಗಳು ಮೀರ್ಗುಲ್‌ಗೆ ಹತ್ತು ವರ್ಷ. ಗಂಟಲು ನೋವಿನಿಂದ ಶುರುವಾಗಿ ಕೀಲು ಹಿಡಿದು ಕೊನೆಗೆ ಹೃದಯಕ್ಕೆ ಬೀಳುವ ಜ್ವರ ಅವಳಿಗೆ ಒಮ್ಮೆ ಬಂದು ಹೋಗಿತ್ತು. ಮತ್ತೆ ಬರದಂತೆ ನಾಲ್ಕು ವಾರಕ್ಕೊಂದು ಪೆನ್ಸಿಲಿನ್ ಸೂಜಿ ಹಾಕಬೇಕು, ತಪ್ಪಿಸುವ ಹಾಗಿಲ್ಲ. ಮೊಹರಿನ ಚೀಟಿ ಇದ್ದಷ್ಟು ಕಾಲ ತಪ್ಪಿರಲಿಲ್ಲ. ಆ ಡಿಸೆಂಬರಿನಲ್ಲಿ ಹಳೆಯ ಚೀಟಿಯ ಅವಧಿ ಮುಗಿಯಿತು, ಕಣಿವೆ ಮುಚ್ಚಿತು. ಶಾಯಿರ್ಕುಲ್ ಪಂಚಾಯಿತಿಯ ಫೋನಿನಿಂದ ಮುಖ್ಯಸ್ಥರಾಗಿದ್ದ ಕಸೀಮಾಲಿಗೆ ಕರೆ ಮಾಡಿದರು. ರೋಗಿಯನ್ನ ನೋಡದೆ ಸೀಲು ಹಾಕಕ್ಕಾಗಲ್ಲ, ನನ್ನ ಮೇಲೂ ಕಣ್ಣಿಟ್ಟಿದ್ದಾರೆ, ದಾರಿ ಬಿಟ್ಟ ಮೇಲೆ ಕರ್ಕೊಂಡು ಬಾ ಎಂದರು ಅವರು.

ಬೈಶೆನ್ ಮೂರು ಸಲ ಬಂದು ಕೇಳಿದ. ಕುದುರೆಯ ಮೇಲೆ ಮಗಳನ್ನು ಕಟ್ಟಿಕೊಂಡು ಹೋಗುತ್ತೇನೆ ಎಂದವನನ್ನು, ಈ ಚಳಿಯಲ್ಲಿ ದಾರಿಯಲ್ಲೇ ಸಾಯಿಸ್ತೀಯಾ ಎಂದು ಶಾಯಿರ್ಕುಲ್ ತಡೆದರು. ಅದು ಸರಿಯೇ ಇತ್ತು. ಆದರೆ ದವಾಖಾನೆಯ ಬೀರುವಿನಲ್ಲಿ ಅದೇ ಔಷಧದ ಆರು ಸೀಸೆ ಇದ್ದವು. ಊರು ಬಿಟ್ಟು ಹೋದ ಬೇರೊಬ್ಬ ರೋಗಿಯ ಹೆಸರಿಗೆ ಬಂದವು, ಬಳಸಿದರೆ ಮತ್ತೆ ಕಳ್ಳಿ. ಅವರು ಬಳಸಲಿಲ್ಲ. ಮೂರು ಸೂಜಿ ತಪ್ಪಿತು. ಮಾರ್ಚಿನಲ್ಲಿ ಹುಡುಗಿಯ ಮೊಣಕಾಲು ಊದಿಕೊಂಡವು, ಏಪ್ರಿಲಿನಲ್ಲಿ ಎದೆಗೆ ಕಿವಿ ಇಟ್ಟಾಗ ಮೊದಲು ಇಲ್ಲದ ಒಂದು ಸದ್ದು ಕೇಳಿಸಿತು. ಆ ಆರು ಸೀಸೆಗಳನ್ನು ಶಾಯಿರ್ಕುಲ್ ಜಿಲ್ಲೆಗೆ ಹಿಂದಿರುಗಿಸಿ ರಸೀದಿ ಪಡೆದರು.

“ಎಲ್ರೂ ನನ್ನ ತಪ್ಪು ಅಂದ್ರೆ ಸೀಲಿಂದು ಅನ್ಕೋತಾರೆ. ಅದಲ್ಲ,” ಎನ್ನುತ್ತಾರೆ. “ಆ ಚಳಿಗಾಲ ನಾನು ನಿಯಮ ಪಾಲಿಸ್ದೆ. ಅದೇ ತಪ್ಪು.”

ಮೀರ್ಗುಲ್‌ಗೆ ಈಗ ಮೂವತ್ತೊಂದು. ಹೊಳೆಯ ಆಚೆ ದಂಡೆಯಲ್ಲಿ ಅವಳ ಮನೆ. ದವಾಖಾನೆಗೆ ನಾನೂರು ಹೆಜ್ಜೆ, ಅವಳು ಎರಡು ಕಡೆ ಕೂತು ಬರುತ್ತಾಳೆ. ಮಗು ಹೆರಬಾರದು ಎಂದು ಪಟ್ಟಣದ ಡಾಕ್ಟರು ಹೇಳಿದ ಮೇಲೆ ಗೊತ್ತಾಗಿದ್ದ ಮದುವೆ ನಿಂತುಹೋಯಿತು. ಆಗಿನಿಂದ ಈಗಿನ ತನಕ ನಾಲ್ಕು ವಾರಕ್ಕೊಮ್ಮೆ ಶಾಯಿರ್ಕುಲ್ ಅವಳಿಗೆ ಸೂಜಿ ಹಾಕಿದ್ದಾರೆ, ಇನ್ನೂರ ಅರವತ್ತಕ್ಕೂ ಹೆಚ್ಚು ಸಲ. ಬೀರುವಿನಲ್ಲಿ ಔಷಧವಿತ್ತು ಎಂದು ಮಾತ್ರ ಒಮ್ಮೆಯೂ ಹೇಳಿಲ್ಲ.

ಇನ್ನು ಕಸೀಮಾಲಿ. ಅವರನ್ನು ಕೆಟ್ಟವರೆಂದು ಬರೆದು ಕೈತೊಳೆದುಕೊಳ್ಳುವುದು ಸುಲಭ, ಆದರೆ ಸುಳ್ಳಾಗುತ್ತದೆ. ಹದಿನೈದು ವರ್ಷ ಮುಖ್ಯಸ್ಥರಾಗಿದ್ದು, ಕುರ್ಚಿ ಬಿಟ್ಟ ಮೇಲೆ ಈ ಕೆಲಸಕ್ಕೆ ಬಿದ್ದರು. ಐದು ಜಿಲ್ಲೆ ಸುತ್ತಿದರು, ರಾಜಧಾನಿಗೆ ಹನ್ನೊಂದು ಪತ್ರ ಬರೆದರು, ಫೆಲ್ಡ್‌ಶರ್‌ಗಳ ಜೊತೆ ದುಡಿದ ಡಾಕ್ಟರುಗಳನ್ನು ಒಬ್ಬೊಬ್ಬರನ್ನಾಗಿ ಹಿಡಿದು ಸಹಿ ಹಾಕಿಸಿದರು. ಡಾಕ್ಟರುಗಳೇ ಯಾಕೆ ಹೇಳಬೇಕು ಎಂದು ಯಾರಾದರೂ ಕೇಳಬಹುದು. ಫೆಲ್ಡ್‌ಶರ್ ತನ್ನ ಪರ ತಾನೇ ಮಾತಾಡಿದರೆ ಆಸೆಬುರುಕತನ ಎನ್ನುತ್ತಾರೆ, ಅದೇ ಮಾತನ್ನು ಡಾಕ್ಟರು ಆಡಿದರೆ ಬರೆದುಕೊಳ್ಳುತ್ತಾರೆ. ನಮ್ಮ ಸಭೆಗಳು ಇರುವುದೇ ಹಾಗೆ. ಅದಕ್ಕೇ ಅಂದು ಕಿಟಕಿ ನೋಡಿದ ಆ ಒಂದು ನಿಮಿಷ ಅಷ್ಟು ದುಬಾರಿಯಾಯಿತು.

ಗುರುವಾರ. ಜಿಲ್ಲಾ ಕೇಂದ್ರದ ಸಾಂಸ್ಕೃತಿಕ ಭವನದಲ್ಲಿ ಎಪ್ಪತ್ತರಷ್ಟು ಡಾಕ್ಟರುಗಳು, ಹಿಂದಿನ ಸಾಲಿನಲ್ಲಿ ಐವರು ಫೆಲ್ಡ್‌ಶರ್‌ಗಳು. ಶಾಯಿರ್ಕುಲ್ ಹೊಸ ತಲೆವಸ್ತ್ರ ಕಟ್ಟಿಕೊಂಡು ಬಂದಿದ್ದಾರೆ, ಮೊಣಕಾಲು ಮುಂದಕ್ಕೆ ಚಾಚಿ ಕೂತಿದ್ದಾರೆ. ಅರವತ್ತಮೂರು ವರ್ಷದ ಕಸೀಮಾಲಿ ಕನ್ನಡಕ ಏರಿಸಿಕೊಂಡು ಭಾಷಣ ಓದುತ್ತಾರೆ. ಚೆನ್ನಾಗಿ ಬರೆದ ಭಾಷಣ. ಎಷ್ಟು ಹಳ್ಳಿಯಲ್ಲಿ ಡಾಕ್ಟರಿಲ್ಲ, ಎಷ್ಟು ದಿನ ದಾರಿಯಿಲ್ಲ, ಎಲ್ಲವೂ ಅದರಲ್ಲಿದೆ. ಚಪ್ಪಾಳೆ ಬೀಳುತ್ತದೆ.

ಆಗ ಎಮಿಲ್ ಎಂಬ ಶಸ್ತ್ರವೈದ್ಯ ಎದ್ದು ನಿಲ್ಲುತ್ತಾನೆ. ಯುವಕ, ಬುದ್ಧಿವಂತ, ಕೆಲಸಗಾರ. ಇವತ್ತು ನಲವತ್ತು ಔಷಧ ಕೊಡಿ ಅಂತೀರಿ, ನಾಳೆ ಚಾಕು ಕೊಡಿ ಅಂತೀರಿ ಎಂದು ಶುರುಮಾಡಿದವನು ಕೈಯಲ್ಲಿದ್ದ ಹಳೆಯ ವರದಿಯ ನಕಲನ್ನು ಎತ್ತಿ ತೋರಿಸುತ್ತಾನೆ. ಹಿಂದಿನ ಸಾಲಿನಲ್ಲಿ ಯಾರು ಕೂತಿದ್ದಾರೆಂದು ಅವನಿಗೆ ಗೊತ್ತಿಲ್ಲ.

“ಈ ಜಿಲ್ಲೆಯಲ್ಲೇ ಡಾಕ್ಟರ ಸೀಲು ಕದ್ದ ಫೆಲ್ಡ್‌ಶರ್ ಇದ್ದಾರೆ. ಚೋಲೋಕ್-ಸೂ. ಮೂವತ್ತೊಂದು ಖಾಲಿ ಚೀಟಿ ಸಿಕ್ಕಿದೆ. ವರದಿ ಕೆಳಗೆ ಸಹಿ ನಿಮ್ದೇ, ಬೈಕೆ. ಇಂಥವ್ರ ಕೈಗೆ ಸೀಲು ಕೊಡಿ ಅಂತೀರಾ?”

ಪಕ್ಕದ ಫೆಲ್ಡ್‌ಶರ್ ಶಾಯಿರ್ಕುಲ್ ಕೈ ಹಿಡಿದುಕೊಳ್ಳುತ್ತಾಳೆ. ಅವರು ಬಿಡಿಸಿಕೊಳ್ಳುತ್ತಾರೆ. ಈ ಸಲವೂ ಅವರು ಡಾಕ್ಟರ ಮುಖವನ್ನೇ ನೋಡುತ್ತಿದ್ದಾರೆ. ಈ ಸಲ ಅವರಿಗೆ ಭರವಸೆ ಇಲ್ಲ, ಕುತೂಹಲ ಮಾತ್ರ ಇದೆ ಎಂದು ಆಮೇಲೆ ಹೇಳಿದರು. ಅದು ಪೂರ್ತಿ ನಿಜವಲ್ಲ. ತಲೆವಸ್ತ್ರದ ತುದಿಯನ್ನು ಅವರು ಬೆರಳಿಗೆ ಸುತ್ತಿ ಬಿಗಿದಿದ್ದರು.

ಕಸೀಮಾಲಿ ನೀರು ಕುಡಿಯುತ್ತಾರೆ. ಭಾಷಣದ ಹಾಳೆಗಳನ್ನು ಜೋಡಿಸಿ ಕೆಳಗಿಡುತ್ತಾರೆ.

“ಅವಳು ಕದ್ದಿಲ್ಲ. ನಾನೇ ಹಾಕ್ಕೊಟ್ಟಿದ್ದು,” ಎನ್ನುತ್ತಾರೆ. “ನಾಲ್ಕು ಚಳಿಗಾಲ, ಅವಳ ಮನೇಲಿ ಕೂತು, ಖಾಲಿ ಹಾಳೆ ಮೇಲೆ ನನ್ನ ಕೈಯಾರೆ ಹಾಕಿದೆ. ಕೇಳ್ದಾಗ ಗೊತ್ತಿಲ್ಲ ಅಂದೆ. ಸುಳ್ಳು ಹೇಳ್ದೆ.”

ಹಾಗಾದ್ರೆ ತಪ್ಪು ಇಬ್ರದ್ದೂ ಆಯ್ತಲ್ಲ ಎಂದು ಎಮಿಲ್ ಸಣ್ಣ ದನಿಯಲ್ಲಿ ಹೇಳುತ್ತಾನೆ. ಆಗಲಿ, ನನ್ನ ತಪ್ಪಿಗೆ ಏನು ಮಾಡ್ತೀರೋ ಮಾಡಿ ಎನ್ನುತ್ತಾರೆ ಕಸೀಮಾಲಿ. ಆದರೆ ಆ ನಾಲ್ಕು ಚಳಿಗಾಲದಲ್ಲಿ ಅವಳು ಬರೆದ ಚೀಟಿ ಮುನ್ನೂರ ನಲವತ್ತು, ಒಂದೊಂದನ್ನೂ ನಾನು ಓದಿದ್ದೇನೆ. ತಿದ್ದಿದ್ದು ಎರಡೇ. ನನ್ನವನ್ನೇ ಯಾರಾದರೂ ಹಾಗೆ ಓದಿದ್ದರೆ ಅದಕ್ಕಿಂತ ಹೆಚ್ಚು ತಿದ್ದಬೇಕಾಗುತ್ತಿತ್ತು. ಫೆಲ್ಡ್‌ಶರ್ ಚೀಟಿ ಬರೆಯಬಲ್ಲಳು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ತಿರ ಇಲ್ಲ, ಅದನ್ನು ಇಪ್ಪತ್ತೊಂದು ವರ್ಷ ಬಚ್ಚಿಟ್ಟುಕೊಂಡೆ. ಅಂದೇ ಹೇಳಿದ್ದರೆ ಈ ಸಭೆ ಅಂದೇ ಆಗುತ್ತಿತ್ತು. ಇಷ್ಟು ಹೇಳಿ ಅವರು ಕೂತುಬಿಡುತ್ತಾರೆ. ಈ ಸಲ ಚಪ್ಪಾಳೆ ಇಲ್ಲ.

ಕೈ ಎತ್ತಿಸಿ ಎಣಿಸುತ್ತಾರೆ. ಪರವಾಗಿ ನಲವತ್ತೊಂದು, ವಿರುದ್ಧ ಇಪ್ಪತ್ತೆರಡು. ಮೀರ್ಗುಲ್‌ಗೆ ಹಾಕುವ ಪೆನ್ಸಿಲಿನ್ ಕೂಡ ನಲವತ್ತರ ಪಟ್ಟಿಯಲ್ಲಿದೆ. ಕಡತದ ಆ ಸಾಲನ್ನು ಅಳಿಸಲು ಶಿಫಾರಸು ಮಾಡುತ್ತೇವೆ ಎಂದೂ ಬರೆದುಕೊಳ್ಳುತ್ತಾರೆ. ಆಮೇಲೆ ಕಾರ್ಯದರ್ಶಿ ನಿಯಮಗಳನ್ನು ಓದುತ್ತಾಳೆ. ಮೂರು ತಿಂಗಳ ತರಬೇತಿ, ಪರೀಕ್ಷೆ, ಮತ್ತು ಏಳನೆಯದು: ಐವತ್ತೈದು ದಾಟದವರಿಗೆ ಮಾತ್ರ.

ಶಾಯಿರ್ಕುಲ್ ಗಟ್ಟಿಯಾಗಿ ನಕ್ಕುಬಿಡುತ್ತಾರೆ. ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ. ಆ ಏಳನೇ ನಿಯಮವನ್ನು ಸೇರಿಸಿದ್ದು ಬೇರೆ ಯಾರೂ ಅಲ್ಲ, ಕಸೀಮಾಲಿಯೇ. ವಿರೋಧ ಮಾಡುತ್ತಿದ್ದ ಡಾಕ್ಟರುಗಳನ್ನು ಒಲಿಸಿಕೊಳ್ಳಲು ಕಳೆದ ವರ್ಷ ಬಿಟ್ಟುಕೊಟ್ಟಿದ್ದು. ವಯಸ್ಸಾದವರು ಹೇಗೂ ನಿವೃತ್ತರಾಗುತ್ತಾರೆ, ಅವರ ಸಲುವಾಗಿ ಮಿಕ್ಕವರಿಗೆ ತಪ್ಪಬಾರದು ಎಂದು ಅವರು ಆಗ ಯೋಚಿಸಿದ್ದರಂತೆ. ಕೆಟ್ಟ ಯೋಚನೆಯೂ ಅಲ್ಲ. ಅದಿಲ್ಲದಿದ್ದರೆ ಇಂದು ಆ ನಲವತ್ತೊಂದು ಕೈ ಏಳುತ್ತಿರಲಿಲ್ಲ.

ಭವನದ ಮೆಟ್ಟಿಲ ಮೇಲೆ ಅವರು ಶಾಯಿರ್ಕುಲ್‌ಗಾಗಿ ಕಾದು ನಿಂತಿದ್ದಾರೆ. ಟೋಪಿ ಕೈಯಲ್ಲಿದೆ. ತಡವಾಯ್ತು, ತಂಗಿ, ಎನ್ನುತ್ತಾರೆ. ಆ ನಿಯಮ ಬರೆಯುವಾಗ ನಿನ್ನ ನೆನಪಾಗಲಿಲ್ಲ ಎನ್ನುತ್ತಾರೆ. ನೆನಪಾಗದ ಹಾಗೆ ನೋಡಿಕೊಂಡೆ ಎಂದು ತಾವೇ ತಿದ್ದಿಕೊಳ್ಳುತ್ತಾರೆ. ಶಾಯಿರ್ಕುಲ್‌ಗೆ ಅವರನ್ನು ಬೈಯಬೇಕೆಂದು ಎಷ್ಟೋ ವರ್ಷದಿಂದ ಆಸೆಯಿತ್ತು, ಬೈಗುಳಗಳನ್ನು ಸಾಲಾಗಿ ಯೋಚಿಸಿ ಇಟ್ಟುಕೊಂಡಿದ್ದರು. ಎದುರಿಗೆ ನಿಂತಿರುವುದು ಕುತ್ತಿಗೆ ಸಣ್ಣಗಾದ ಮುದುಕ.

“ನನಗೇನೂ ತಡ ಆಗ್ಲಿಲ್ಲ, ಬೈಕೆ. ನಾನು ಬದುಕಿದ್ದೀನಿ, ಕೇಳಿಸ್ಕೊಂಡೆ,” ಎನ್ನುತ್ತಾರೆ. “ನಮ್ಮಮ್ಮ ಸಾಯೋ ದಿನಾನೂ ಕೇಳಿದ್ಲು. ನಿಜ ಹೇಳು ಮಗಳೇ, ನೀನು ಕದ್ದಿಲ್ಲ ತಾನೆ ಅಂತ. ಅವಳಿಗೆ ತಡ ಆಯ್ತು.”

ಡಾಕ್ಟರು ಟೋಪಿಯ ಅಂಚು ತಿರುವುತ್ತಾರೆ. ಮೀರ್ಗುಲ್ ಹೇಗಿದ್ದಾಳೆ ಎಂದು ಕೇಳುತ್ತಾರೆ. ಅವತ್ತು ಫೋನಿನಲ್ಲಿ ಇಲ್ಲ ಎಂದದ್ದು ಅವರಿಗೂ ಮರೆತಿಲ್ಲ. ನಾನೂ ಬರ್ತೀನಿ, ಅವಳ ಮುಂದೆ ನಾನೇ ಹೇಳ್ತೀನಿ ಎನ್ನುತ್ತಾರೆ. ಬೇಡ, ಅದು ನನ್ನ ಬೀರು, ನಾನೇ ಹೇಳ್ಬೇಕು ಎಂದು ಶಾಯಿರ್ಕುಲ್ ಮೆಟ್ಟಿಲಿಳಿಯುತ್ತಾರೆ. ಊರಿಗೆ ಮರಳುವ ಗಾಡಿಯಲ್ಲಿ ಅವರು ಮೊಣಕಾಲು ಉಜ್ಜಿಕೊಳ್ಳುತ್ತ ಕೂತರು. ಇಷ್ಟು ವರ್ಷ ಆ ಚಳಿಗಾಲದ ಹೊರೆಯಲ್ಲಿ ಅರ್ಧವನ್ನು ಡಾಕ್ಟರ ತಲೆಗೆ ಕಟ್ಟಿ ಬದುಕಿದ್ದರು. ಅವರು ತಮ್ಮ ಪಾಲನ್ನು ಎಲ್ಲರೆದುರು ಒಪ್ಪಿಕೊಂಡ ಮೇಲೆ ಉಳಿದದ್ದು ಯಾರದು ಎಂಬುದು ಸ್ಪಷ್ಟವಾಗಿಬಿಟ್ಟಿತ್ತು.

ಶುಕ್ರವಾರ ಬೆಳಿಗ್ಗೆ ದವಾಖಾನೆಯ ಕೆಲಸ ಮುಗಿಸಿ ಹೊಳೆ ದಾಟುತ್ತಾರೆ. ಮೀರ್ಗುಲ್ ಕಿಟಕಿಯ ಬೆಳಕಿನಲ್ಲಿ ಕೂತು ಉಣ್ಣೆಯ ಕಂಬಳಿಗೆ ಕುರಿಕೊಂಬಿನ ಚಿತ್ತಾರ ಹೊಲಿಯುತ್ತಿದ್ದಾಳೆ. ಇವತ್ತು ಸೂಜಿಯ ದಿನ ಅಲ್ವಲ್ಲ ಎಂದು ಎದ್ದು ಚಹಾ ಬಗ್ಗಿಸುತ್ತಾಳೆ, ರೊಟ್ಟಿ ಮುರಿದು ಮುಂದಿಡುತ್ತಾಳೆ. ಶಾಯಿರ್ಕುಲ್ ರೊಟ್ಟಿ ಮುಟ್ಟುವುದಿಲ್ಲ. ಮೊದಲು ಮಾತು ಎಂದು ಶುರುಮಾಡಿ, ಆರು ಸೀಸೆ, ಬೀರು, ರಸೀದಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಸೂಜಿ ತಪ್ಪದಿದ್ದರೆ ನಿನ್ನ ಹೃದಯ ಹೀಗಾಗುತ್ತಿರಲಿಲ್ಲ ಎಂದೂ ಹೇಳುತ್ತಾರೆ.

ಮೀರ್ಗುಲ್ ದಾರ ಕಡಿದು, ಸೂಜಿಯನ್ನು ಕಂಬಳಿಗೆ ಚುಚ್ಚಿಡುತ್ತಾಳೆ.

“ಗೊತ್ತು, ಎಜೆ. ಬೀರು ಬಾಗಿಲು ಗಾಜಿಂದು. ಅಪ್ಪನಿಗೆ ಓದಕ್ಕೆ ಬರ್ತಿತ್ತು.”

ಎಷ್ಟು ವರ್ಷದಿಂದ ಗೊತ್ತು ಎಂದು ಶಾಯಿರ್ಕುಲ್ ಕೇಳುತ್ತಾರೆ. ಅಪ್ಪ ತೀರಿಕೊಳ್ಳುವ ಮೊದಲು ಹೇಳಿದ್ದ, ಆಗ ನನಗೆ ಹತ್ತೊಂಬತ್ತು ಎನ್ನುತ್ತಾಳೆ. ಹನ್ನೆರಡು ವರ್ಷ. ಪ್ರತಿ ತಿಂಗಳು ಸೂಜಿ ಹಾಕುವಾಗ ನೀವು ಏನೋ ಹೇಳಲು ಬಾಯಿ ತೆಗೆಯುತ್ತಿದ್ದಿರಿ, ಆಮೇಲೆ ಉಸಿರು ಎಳ್ಕೋ ಎನ್ನುತ್ತಿದ್ದಿರಿ. ಈ ಸಲ ಹೇಳ್ತಾರೆ, ಈ ಸಲ ಹೇಳ್ತಾರೆ ಎಂದು ಕಾಯುತ್ತಿದ್ದೆ. ಕೆಲವು ತಿಂಗಳು ತುಂಬ ಸಿಟ್ಟು ಬರುತ್ತಿತ್ತು, ಬರುವುದೇ ಬೇಡ ಎನ್ನಿಸುತ್ತಿತ್ತು. ಬರದೆ ಎಲ್ಲಿಗೆ ಹೋಗಲಿ. ಇದನ್ನೆಲ್ಲ ಅವಳು ದನಿ ಏರಿಸದೆ, ನಡುನಡುವೆ ಉಸಿರಿಗೆ ನಿಂತು ಹೇಳುತ್ತಾಳೆ. ಶಾಯಿರ್ಕುಲ್ ಅಳುತ್ತಾರೆ. ಅವಳು ಸಮಾಧಾನ ಮಾಡುವುದಿಲ್ಲ. ಕ್ಷಮಿಸಿದ್ದೇನೆ ಎಂದೂ ಅನ್ನುವುದಿಲ್ಲ. ತಣ್ಣಗಾದ ಚಹಾ ಚೆಲ್ಲಿ ಬಿಸಿಯದನ್ನು ಬಗ್ಗಿಸುತ್ತಾಳೆ.

ಈ ಚಳಿಗಾಲ ಶಾಯಿರ್ಕುಲ್ ಅವರ ಕೊನೆಯದು. ದಾರಿ ಬಿಟ್ಟ ಮೇಲೆ, ಏಪ್ರಿಲಿಗೆ, ಹೊಸ ಫೆಲ್ಡ್‌ಶರ್ ಬರುತ್ತಾಳೆ, ತರಬೇತಿ ಮುಗಿಸಿ, ತನ್ನದೇ ಮೊಹರು ಹಿಡಿದುಕೊಂಡು. ನಿವೃತ್ತಿಗೆ ಮುಂಚೆ ನಿಮಗೇನಾದರೂ ಆಸೆ ಇದೆಯೇ ಎಂದರೆ ಅವರು ಬಹಳ ಹೊತ್ತು ಯೋಚಿಸುವುದಿಲ್ಲ. ಅಂದು ಮೀರ್ಗುಲ್‌ಳ ಮನೆಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ.

“ನಿನ್ನ ಚೀಟಿ ಆ ಹುಡುಗಿ ತನ್ನ ಕೈಯಾರೆ ಬರೀಬೇಕು, ಯಾರನ್ನೂ ಕೇಳ್ದೆ. ನಾನು ಪಕ್ಕದಲ್ಲಿ ಕೂತು ನೋಡ್ಬೇಕು. ಬಾಯಿ ಹಾಕಲ್ಲ. ಸುಮ್ನೆ ನೋಡ್ತೀನಿ ಅಷ್ಟೆ.”

ಮೀರ್ಗುಲ್ ರೊಟ್ಟಿಯ ತುಂಡನ್ನು ಅವರ ಕಡೆ ಸರಿಸಿದಳಂತೆ.

“ಚೀಟಿ ಅವಳು ಬರೀಲಿ, ಎಜೆ. ಸೂಜಿ ಮಾತ್ರ ನೀವೇ ಹಾಕಿ.”